ಹುಬ್ಬಳ್ಳಿ ಓಪನ್ ಮೈಕ್‌ನಿಂದ ಬನಶಂಕರಿ ಜಾತ್ರೆಗೆ

ಶುಕ್ರವಾರ

ಬೆಳಗ್ಗೆ 6 ಗಂಟೆಯ ಜನಶತಾಬ್ದಿ ಹತ್ತಿ ಬೆಂಗಳೂರು ಬಿಟ್ಟೆ. ಇವತ್ತು ಸಂಜೆ ಹುಬ್ಬಳ್ಳಿಯಲ್ಲಿ ಸ್ಟ್ಯಾಂಡ್‌ಅಪ್ ಶೋ, ನಾಳೆ ಧಾರವಾಡದಲ್ಲಿ. ಆಮೇಲೆ ಗದಗ, ಅಲ್ಲಿಂದ ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ. ಸಾಮಾನ್ಯವಾಗಿ ಶೋ ಮುಗಿಸಿ ರಾತ್ರಿ ಬಸ್ಸಿಗೇ ವಾಪಸ್ ಬಂದುಬಿಡುತ್ತೇನೆ. ಈ ಸಲ ಹಾಗೆ ಬೇಡ ಅನ್ನಿಸಿತು. ದೊಡ್ಡ ದೊಡ್ಡ ಹಾಡುಗಾರರು ಕಲಿತು ಬೆಳೆದ ಊರುಗಳು, ನಾಟಕ ಕಂಪನಿಗಳು ಇವತ್ತಿಗೂ ಥಿಯೇಟರ್ ಕಟ್ಟುವ ಜಾತ್ರೆ, ಎಲ್ಲ ಹತ್ತಿರ ಹತ್ತಿರ ಇವೆ. ನಗಿಸುವ ಕೆಲಸ ಮಾಡುವವನು ಇವನ್ನೆಲ್ಲ ನೋಡದೆ ಬರುವುದು ಸರಿಯಲ್ಲ, ಅಲ್ವಾ?

ಶೋ ಇರುವ ದಿನ ನಾನು ಬೇರೆ ಕಾಮಿಡಿಯನ್‌ಗಳ ವಿಡಿಯೊ ನೋಡುವುದಿಲ್ಲ. ನೋಡಿದರೆ ಅವರ ಧಾಟಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಹಾಡು ಕೇಳುತ್ತೇನೆ, ಅದರಲ್ಲೂ ವಿಲಂಬಿತ್ ಖ್ಯಾಲ್, ಅಂದರೆ ಹಿಂದೂಸ್ತಾನಿಯಲ್ಲಿ ತೀರ ನಿಧಾನವಾಗಿ ಹಾಡುವುದು. ಮುಕ್ಕಾಲು ಗಂಟೆ ಒಂದೇ ರಾಗ ಕೇಳಿ ವೇದಿಕೆಗೆ ಹೋದರೆ ಅವಸರ ಇರುವುದಿಲ್ಲ. ಓಪನ್ ಮೈಕ್‌ನಲ್ಲಿ ಹೊಸಬರಿಗೆ ಸಿಗುವುದು ನಾಲ್ಕೈದು ನಿಮಿಷ. ಇನ್ನೊಂದೇ ನಿಮಿಷ ಇದೆ ಅನ್ನುವಾಗ ಹಿಂದಿನಿಂದ ಯಾರೋ ಮೊಬೈಲ್ ಲೈಟ್ ತೋರಿಸುತ್ತಾರೆ. ಆ ಲೈಟಿನ ಭಯಕ್ಕೇ ಎಲ್ಲರೂ ಓಡುತ್ತಾರೆ. ಜನರಿಗೆ ನಗುವುದಕ್ಕೂ ಪುರುಸೊತ್ತು ಕೊಡದೆ ಮುಂದಿನ ಜೋಕಿಗೆ ಹಾರುತ್ತಾರೆ. ಭೀಮಸೇನ ಜೋಶಿಯವರ ಆಲಾಪ ಕೇಳಿ ಬಂದವನಿಗೆ ಹಾಗೆ ಓಡುವ ಮನಸ್ಸಾಗುವುದಿಲ್ಲ.

ತುಮಕೂರು ದಾಟಿದ ಮೇಲೆ ಗುಬ್ಬಿ. ಹೆಡ್‌ಫೋನ್ ತೆಗೆದು ಕಿಟಕಿಯ ಹತ್ತಿರ ಸರಿದೆ. ಈ ಊರಿನ ಹೆಸರಿನ ನಾಟಕ ಕಂಪನಿ, ಗುಬ್ಬಿ ಕಂಪನಿ, ಶುರುವಾದದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಗೊತ್ತಾಗುವಂತೆ ಬೆಳೆಸಿದ ವೀರಣ್ಣನವರು ಹಾಸ್ಯನಟರು. ಕಂಪನಿಯ ಯಜಮಾನನೇ ನಗಿಸುವ ಪಾತ್ರ ಮಾಡುತ್ತಿದ್ದ ಅನ್ನುವುದು ನನಗೆ ಯಾವಾಗಲೂ ಹೆಮ್ಮೆಯ ವಿಷಯ. ಆ ಕಾಲದ ಕಂಪನಿಗಳಲ್ಲಿ ಹಾಡಲು ಬಾರದವರಿಗೆ ಜಾಸ್ತಿ ಜಾಗ ಇರಲಿಲ್ಲ. ರಾಜನ ಪಾತ್ರದವನೂ ಹಾಡಬೇಕು, ಸೇವಕನ ಪಾತ್ರದವನೂ ಹಾಡಬೇಕು. ಕರಾವಳಿಯಿಂದ ಓಡಿಬಂದು ಇದೇ ಕಂಪನಿ ಸೇರಿದ ಹುಡುಗನನ್ನು ವೀರಣ್ಣನವರು ಓದಲು ಕಾಶಿಗೆ ಕಳಿಸಿದರು. ಅವರೇ ಮುಂದೆ ನಮ್ಮ ರಂಗಸಂಗೀತದ ದಿಕ್ಕನ್ನೇ ಬದಲಿಸಿದ ಬಿ.ವಿ. ಕಾರಂತರು. ಗುಬ್ಬಿಯಾದ ಮೇಲೆ ತಿಪಟೂರು. ಅದು ಹಾಸ್ಯನಟ ನರಸಿಂಹರಾಜು ಹುಟ್ಟಿದ ಊರು, 1923ರಲ್ಲಿ. ಅವರೂ ನಾಟಕದಿಂದ ಸಿನಿಮಾಕ್ಕೆ ಹೋದವರು.

ಮಧ್ಯಾಹ್ನ ಹುಬ್ಬಳ್ಳಿ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇಲ್ಲಿದೆ, 1507 ಮೀಟರ್. ಹೊರಗೆ ಬಂದು ಗಿರ್ಮಿಟ್, ಮಿರ್ಚಿ ತಿಂದು ರೂಮಿಗೆ ಹೋಗಿ ಮಲಗಿದೆ.

ಸಂಜೆಯ ಶೋ ವಿದ್ಯಾನಗರದ ಒಂದು ಕೆಫೆಯ ಮಹಡಿಯಲ್ಲಿ. ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ಒಂದು ಫೋಕಸ್ ಲೈಟು. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಜಾಸ್ತಿ. ಮುಂದಿನ ಸಾಲಿನಲ್ಲಿ ಮಾತ್ರ ಹಿರಿಯರೊಬ್ಬರು ಧೋತ್ರ ಉಟ್ಟು ಬಂದು ಕೂತಿದ್ದರು, ಮೊಮ್ಮಗ ಕರೆತಂದಿದ್ದನಂತೆ.

ನನಗಿಂತ ಮೊದಲು ಧಾರವಾಡದ ಹುಡುಗಿಯೊಬ್ಬಳು ವೇದಿಕೆಗೆ ಬಂದಳು. ಅವಳ ಒಂದು ಜೋಕನ್ನು ಇಲ್ಲಿ ಹಾಗೇ ಬರೆಯಬೇಕು:

“ನಮ್ಮ ಧಾರವಾಡದಾಗ ಕಲ್ಲು ಒಗದ್ರ ಕವಿಗಳ ಮನಿ ಮ್ಯಾಲೆ ಬೀಳ್ತದ ಅಂತಾರ. ಖರೇನ ಐತಿ. ಕವಿಗಳ ಮನಿ ಮ್ಯಾಲೆ ಬಿದ್ರ ಒಂದು ಕವನ ಹೊರಗ ಬರ್ತದ. ಗಾಯಕರ ಮನಿ ಮ್ಯಾಲೆ ಬಿದ್ರ ಒಂದು ರಾಗ ಹೊರಗ ಬರ್ತದ. ನಮ್ಮ ಮನಿ ಮ್ಯಾಲೆ ಬಿದ್ರ...”

ಇಲ್ಲಿ ನಿಂತಳು. ಮೈಕನ್ನು ಸ್ವಲ್ಪ ಕೆಳಗಿಳಿಸಿ ಬಾಗಿಲ ಕಡೆ ನೋಡಿದಳು.

“ನಮ್ಮವ್ವ ಹೊರಗ ಬರ್ತಾಳ.”

ಮಹಡಿಯೇ ನಡುಗುವಷ್ಟು ನಗು. ಧೋತ್ರದ ಅಜ್ಜನಂತೂ ತೊಡೆ ತಟ್ಟಿಕೊಂಡು ನಕ್ಕರು.

ತಬಲಾ ಕೇಳಿದವರಿಗೆ ಇದು ಏನು ಅಂತ ತಕ್ಷಣ ಗೊತ್ತಾಗುತ್ತದೆ. ಇದು ತಿಹಾಯಿ. ಒಂದೇ ತುಣುಕನ್ನು ಮೂರು ಸಲ ಬಾರಿಸಿ, ಮೂರನೆಯದರ ಕೊನೆಯ ಪೆಟ್ಟು ಸರಿಯಾಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುವ ಹಾಗೆ ಮಾಡುವುದು. ಅವಳ ಮೂರು ಸಾಲುಗಳ ಅಳತೆ ಹೆಚ್ಚುಕಡಿಮೆ ಒಂದೇ. ಮೊದಲೆರಡು ಸಾಲು ಕಿವಿಯನ್ನು ಒಂದು ಲೆಕ್ಕಕ್ಕೆ ಹೊಂದಿಸುತ್ತವೆ. ಮೂರನೆಯದು ಯಾವಾಗ ಬಂದು ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಏನು ಬಂದು ಬೀಳುತ್ತದೆ ಅಂತ ಮಾತ್ರ ಗೊತ್ತಿಲ್ಲ. ಸಂಗೀತದಲ್ಲಿ ಎರಡೂ ಗೊತ್ತಿದ್ದೇ ಕಾಯುತ್ತೇವೆ, ಬಂದಾಗ ತಲೆದೂಗುತ್ತೇವೆ. ಹಾಸ್ಯದಲ್ಲಿ ಕಾಲ ಗೊತ್ತಿರಬೇಕು, ಮಾತು ಗೊತ್ತಿರಬಾರದು. ಕಾಲ ತಪ್ಪಿದರೆ ಎಷ್ಟು ಒಳ್ಳೆಯ ಮಾತಾದರೂ ಜನ ನಗುವುದಿಲ್ಲ.

ಇದಕ್ಕೆ ಕನ್ನಡದ ವಾಕ್ಯವೂ ನೆರವಾಗುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವಾಗ ಎಲ್ಲ ಹೇಳಿದ ಮೇಲೂ ಏನಾಯಿತು ಅನ್ನುವುದು ಕಾಮಿಡಿಯನ್ ಕೈಯಲ್ಲೇ ಉಳಿದಿರುತ್ತದೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಸೆಟ್ ಮಾಡಿ ಅಭ್ಯಾಸವಾದವರು ಕನ್ನಡಕ್ಕೆ ಬಂದಾಗ ಎಡವುವುದು ಇಲ್ಲೇ. ಪಂಚ್, ಅಂದರೆ ನಗಿಸುವ ಮಾತು, ಹೇಳಿಯಾದ ಮೇಲೂ ಒಂದು “ಅಂತ ಹೇಳಿದ” ಉಳಿದುಬಿಡುತ್ತದೆ. ಅದು ನಗುವಿನ ಮೇಲೆ ಬಿದ್ದು ನಗುವನ್ನು ಒಡೆಯುತ್ತದೆ.

ನನ್ನ ಸೆಟ್ ಚೆನ್ನಾಗಿ ಹೋಯಿತು. ಆದರೆ ರಾತ್ರಿ ನಿದ್ದೆ ಬರುವ ತನಕ ತಲೆಯಲ್ಲಿ ಇದ್ದದ್ದು ಆ ಹುಡುಗಿ ನಿಂತ ರೀತಿ.

ಶನಿವಾರ

ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ನಿನ್ನೆಯ ಜೋಕು ಆಗಲೇ ರೀಲ್ ಆಗಿತ್ತು. ಶೋ ಮಾಡಿಸಿದವರ ಕಡೆಯ ಯಾರೋ ಎಡಿಟ್ ಮಾಡಿ ಹಾಕಿದ್ದರು. ದೊಡ್ಡ ಅಕ್ಷರದ ಸಬ್‌ಟೈಟಲ್, ಹಿಂದೆ ಯಾವುದೋ ಮ್ಯೂಸಿಕ್ಕು. “ನಮ್ಮ ಮನಿ ಮ್ಯಾಲೆ ಬಿದ್ರ ನಮ್ಮವ್ವ ಹೊರಗ ಬರ್ತಾಳ” ಅಂತ ಒಂದೇ ಉಸಿರಿಗೆ ಬಂದು ಹೋಯಿತು. ಅವಳು ನಿಂತದ್ದನ್ನು, ಬಾಗಿಲ ಕಡೆ ನೋಡಿದ್ದನ್ನು ಕತ್ತರಿಸಿದ್ದರು. ಅದೇ ಹುಡುಗಿ, ಅದೇ ಮಾತು, ಆದರೆ ಜೋಕು ಸತ್ತುಹೋಗಿತ್ತು.

ಅವಳಿಗೆ ಮೆಸೇಜ್ ಮಾಡಿದೆ. “ಅಣ್ಣಾ, ಗ್ಯಾಪ್ ಇದ್ರ ಮಂದಿ ಮುಂದಕ್ಕ ಸರಸ್ತಾರಂತ” ಅಂತ ಉತ್ತರ ಬಂತು. ನನಗೆ ಸಿಟ್ಟು ಬಂದದ್ದು ನಿಜ. ಮೂರು ನಿಮಿಷದ ಸೆಟ್ಟಿನಲ್ಲಿ ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಾಗಲು ಒಬ್ಬ ಕಾಮಿಡಿಯನ್‌ಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಎಡಿಟ್ ಮಾಡುವವರಿಗೆ ಅದು ಖಾಲಿ ಜಾಗದಂತೆ ಕಾಣುತ್ತದೆ. ಈಗ ರೀಲ್ ನೋಡಿಯೇ ಸ್ಟ್ಯಾಂಡ್‌ಅಪ್ ಕಲಿಯುವ ಹುಡುಗರು ಬಂದಿದ್ದಾರೆ. ಅವರು ವೇದಿಕೆ ಮೇಲೂ ರೀಲಿನ ಹಾಗೇ ಮಾತಾಡುತ್ತಾರೆ.

ಅದೇ ಬೇಜಾರಿನಲ್ಲಿ ಕುಂದಗೋಳದ ಬಸ್ ಹತ್ತಿದೆ. ಅಲ್ಲಿನ ನಾಡಿಗೇರ ವಾಡೆ ಸಂಗೀತ ಕೇಳುವವರಿಗೆಲ್ಲ ಗೊತ್ತು. ಕಿರಾಣಾ ಘರಾಣೆಯ (ಹಿಂದೂಸ್ತಾನಿ ಹಾಡುಗಾರಿಕೆಯ ಒಂದು ಪರಂಪರೆ) ಅಬ್ದುಲ್ ಕರೀಂ ಖಾನರು ಬಂದು ಇಳಿದುಕೊಳ್ಳುತ್ತಿದ್ದ ಮನೆ ಅದು. ಅವರ ಹತ್ತಿರ ಕಲಿತವರು ಇದೇ ಊರಿನ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರಿಗೆ ಆ ಬಿರುದು ಬಂದದ್ದು ಸಂಗೀತದ ಬೈಠಕ್‌ನಿಂದಲ್ಲ, ನಾಟಕದಿಂದ. ಮರಾಠಿ ನಾಟಕ ಕಂಪನಿಗಳಲ್ಲಿ ವರ್ಷಗಟ್ಟಲೆ ಹಾಡಿ, ಸ್ತ್ರೀಪಾತ್ರ ಮಾಡಿದವರು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು, ನೀರು ಹೊತ್ತು ಕಲಿತರು.

ವಾಡೆಯ ದಪ್ಪ ಮರದ ಕಂಬಗಳ ನಡುವೆ ಸ್ವಲ್ಪ ಹೊತ್ತು ಕೂತೆ. ಇಲ್ಲಿ ರಾತ್ರಿಯಿಡೀ ಹಾಡು ನಡೆದಾಗ ಜನ ಕದಲದೆ ಕೂತು ಕೇಳುತ್ತಾರೆ. ಇದೇ ಜಿಲ್ಲೆಯ ಜನರಿಗೆ ಎರಡು ಸೆಕೆಂಡ್ ತಡೆಯುವ ತಾಳ್ಮೆ ಇಲ್ಲ ಅಂತ ಯಾರೋ ಎಲ್ಲೋ ಕೂತು ತೀರ್ಮಾನ ಮಾಡಿದ್ದಾರೆ.

ಮಧ್ಯಾಹ್ನ ಧಾರವಾಡ. ಮಲ್ಲಿಕಾರ್ಜುನ ಮನ್ಸೂರರ ‘ಮೃತ್ಯುಂಜಯ’ ಮನೆ ನೋಡಿದೆ. ಅವರೂ ಹುಡುಗರಾಗಿದ್ದಾಗ ಅಣ್ಣನ ಜೊತೆ ನಾಟಕ ಕಂಪನಿಯಲ್ಲಿ ಹಾಡಿದವರೇ. ಅವರ ಹಾಡಿನಲ್ಲಿ ಸ್ವರ, ಲಯ ಎರಡೂ ಒಂದನ್ನೊಂದು ಬಿಡದೆ ಹೋಗುತ್ತವೆ. ಎಲ್ಲೋ ದೂರ ಹೋದರು, ಇನ್ನು ಸಮ್‌ಗೆ ಬರುವುದು ಹೇಗೆ ಅಂದುಕೊಳ್ಳುವಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಬಂದವರಂತೆ ಬಂದು ನಿಲ್ಲುತ್ತಾರೆ. ಅದನ್ನು ಕೇಳಿದಾಗ ನನಗೆ ನಿಜವಾಗಿ ನಗು ಬರುತ್ತದೆ, ಸಂತೋಷದ ನಗು.

ರಾತ್ರಿಯ ಶೋನಲ್ಲಿ ಹೆಚ್ಚು ಜನ ಇರಲಿಲ್ಲ. ಇದ್ದವರು ಕಿವಿಗೊಟ್ಟು ಕೇಳಿದರು. ಶೋ ಆದ ಮೇಲೆ ಒಬ್ಬರು ಬಂದು, “ನೀವು ಪ್ರಾಣೇಶರನ್ನ ಕೇಳೀರೇನ್ರಿ?” ಅಂದರು. ಕೇಳದೆ ಇರುತ್ತೇನೆಯೇ! ಸ್ಟ್ಯಾಂಡ್‌ಅಪ್ ಅನ್ನುವ ಹೆಸರು ನಮ್ಮಲ್ಲಿ ಬಳಕೆಗೆ ಬರುವ ಮೊದಲೇ ಗಂಗಾವತಿ ಪ್ರಾಣೇಶ್ ಒಂದು ಮೈಕು ಹಿಡಿದು ಸಾವಿರಾರು ಜನರನ್ನು ನಗಿಸುತ್ತಿದ್ದರು. ಅವರು ಶುರುಮಾಡಿದ್ದು ಹಾಸ್ಯ ಲೇಖಕ ಬೀchiಯವರನ್ನು ಹೇಳುತ್ತಾ. ಹಳ್ಳಿಯ ಜಾತ್ರೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ನಡೆಯುವ ಹಾಸ್ಯ ಸಂಜೆಗಳನ್ನು ಬಿಟ್ಟು ಕನ್ನಡ ಸ್ಟ್ಯಾಂಡ್‌ಅಪ್‌ನ ಕಥೆ ಹೇಳಲು ಆಗುವುದಿಲ್ಲ. ಇನ್ನೂ ಹಿಂದೆ ಹೋದರೆ ಹರಿಕಥೆ. ಒಬ್ಬರೇ ನಿಂತು, ಕೈಯಲ್ಲಿ ಚಿಟಿಕೆ ಹಿಡಿದು, ಹಾಡಿ, ಕಥೆ ಹೇಳಿ, ನಡುವೆ ಊರಿನ ಗೌಡನ ಮೇಲೂ ಒಂದು ಮಾತು ಹಾಕಿ, ಜನ ನಕ್ಕು ಮುಗಿಸುವ ತನಕ ಹಾರ್ಮೋನಿಯಂ ನುಡಿಸಲು ಬಿಟ್ಟು, ಮತ್ತೆ ಕಥೆಗೆ ಬರುತ್ತಿದ್ದರು. ಇದಕ್ಕಿಂತ ಒಳ್ಳೆಯ ಪಾಠ ನಮಗೆ ಇನ್ನೆಲ್ಲಿ ಸಿಗಬೇಕು?

ಭಾನುವಾರ

ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಆಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದ್ದು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಇಲ್ಲಿ ಊಟ, ವಸತಿ, ಸಂಗೀತ ಎಲ್ಲ ಉಚಿತ. ಆಶ್ರಮ ನಡೆಸುವ ಖರ್ಚಿಗೆ ಅಂತ ಗವಾಯಿಗಳು ಒಂದು ನಾಟಕ ಕಂಪನಿಯನ್ನೂ ಕಟ್ಟಿದ್ದರು. ಪುಟ್ಟರಾಜರು ಸ್ವತಃ ನಾಟಕ ಬರೆದರು. ಆ ನಾಟಕಗಳಲ್ಲಿ ನಗಿಸಿದವರು ದುಡಿದ ದುಡ್ಡಿನಲ್ಲೂ ಇಲ್ಲಿ ಎಷ್ಟೋ ಮಕ್ಕಳು ಉಂಡು ಹಾಡು ಕಲಿತಿದ್ದಾರೆ.

ಒಳಗೆ ಒಂದೊಂದು ಮೂಲೆಯಿಂದ ಒಂದೊಂದು ಸ್ವರ ಬರುತ್ತಿತ್ತು. ವರಾಂಡದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಕೈಯಲ್ಲಿ ತೀನ್‌ತಾಲ್ ಹಾಕುತ್ತಿದ್ದ. ಪಕ್ಕದಲ್ಲಿ ಹಿರಿಯ ವಿದ್ಯಾರ್ಥಿ. ಅದು ಹದಿನಾರು ಮಾತ್ರೆಯ, ಅಂದರೆ ಹದಿನಾರು ಎಣಿಕೆಯ ತಾಳ. ಒಂಬತ್ತನೆಯದಕ್ಕೆ ಖಾಲಿ, ಅಲ್ಲಿ ಚಪ್ಪಾಳೆ ಇಲ್ಲ, ಅಂಗೈ ಮೇಲೆ ಮಾಡಿ ಬೀಸಬೇಕು. ಹುಡುಗ ಅಲ್ಲಿಗೆ ಬಂದಾಗಲೆಲ್ಲ ಸ್ವಲ್ಪ ಬೇಗ ಮುಂದೆ ಹೋಗುತ್ತಿದ್ದ.

“ಖಾಲಿ ನುಂಗಬ್ಯಾಡೋ” ಅಂದ ದೊಡ್ಡವನು. “ಸಪ್ಪಳ ಇಲ್ಲಂತ ಮಾತ್ರಾ ಸಣ್ಣದಾಗೂದಿಲ್ಲ.”

ಮತ್ತೆ ಮೊದಲಿಂದ. ಮತ್ತೆ ನುಂಗಿದ. ದೊಡ್ಡವನು ಅವನ ಕೈ ಹಿಡಿದು, ಖಾಲಿಯಲ್ಲಿ ತಾನೇ ಬೀಸಿ ತೋರಿಸಿದ. ಎಷ್ಟೋ ಸುತ್ತು ಆದ ಮೇಲೆ ಹುಡುಗ ಸರಿಯಾಗಿ ಕಾದು ದಾಟಿದ. ಸಮ್‌ಗೆ ಬಂದಾಗ ಇಬ್ಬರೂ ಒಟ್ಟಿಗೆ “ಹಾಂ!” ಅಂದರು. ನಿನ್ನೆಯ ರೀಲ್ ಎಡಿಟ್ ಮಾಡಿದವರನ್ನು ಈ ವರಾಂಡಕ್ಕೆ ಕರೆತರಬೇಕಿತ್ತು.

ಗದಗಿನಲ್ಲಿ ಬೇರೆ ಏನೂ ನೋಡಲಿಲ್ಲ. ಸಾಯಂಕಾಲದ ತನಕ ಅಲ್ಲೇ ಕೂತಿದ್ದೆ.

ಸೋಮವಾರ

ರೈಲಿನಲ್ಲಿ ಬಾದಾಮಿ, ಅಲ್ಲಿಂದ ಟಂಟಂನಲ್ಲಿ ಬನಶಂಕರಿ. ತೇರು ಎಳೆಯುವುದು ಬನದ ಹುಣ್ಣಿಮೆಗೆ. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ನಾಟಕಗಳು ಇನ್ನೂ ಬಹಳ ದಿನ ನಡೆಯುತ್ತವೆ. ಹೊಂಡದ ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಣ್ಣುಮಗಳು “ಬಾರೋ ಯಪ್ಪಾ, ರೊಟ್ಟಿ ಉಣ್ಣು ಬಾ” ಅಂತ ಕರೆದರು. ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಡಿಗೆಯ ಗಟ್ಟಿ ಮೊಸರು. “ಯಾವ ನಾಟಕ ಚಲೋ ಐತಿ, ಯವ್ವಾ?” ಅಂತ ಕೇಳಿದೆ. ಅವರು ನಾಟಕದ ಹೆಸರು ಹೇಳಲಿಲ್ಲ. ಹಾಸ್ಯ ಮಾಡುವವರ ಹೆಸರು ಹೇಳಿ, “ಅಂವ ಇರೂದಕ್ಕ ಹೋಗು” ಅಂದರು.

ಕತ್ತಲಾಗುತ್ತಲೇ ದಾರಿಯ ಎರಡೂ ಬದಿ ತಗಡಿನ ಥಿಯೇಟರ್‌ಗಳ ಮುಂದೆ ಬಣ್ಣದ ದೀಪ, ಆಳೆತ್ತರದ ಕಟೌಟು, ಮೈಕಿನಲ್ಲಿ ಕೂಗು. ನಾನು ಆ ತಾಯಿ ಹೇಳಿದ ಕಂಪನಿಗೇ ಹೋದೆ. ರಾತ್ರಿಯ ಕೊನೆಯ ಆಟಕ್ಕೂ ಮುಂದಿನ ಸಾಲು ತುಂಬಿತ್ತು. ಟ್ರ್ಯಾಕ್ಟರ್‌ನಲ್ಲಿ ಬಂದವರು, ಮಡಿಲಲ್ಲಿ ಮಕ್ಕಳನ್ನು ಮಲಗಿಸಿಕೊಂಡ ತಾಯಂದಿರು.

ಹಾಡುಗಳಿಗೆಲ್ಲ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿದರು. ವೇದಿಕೆಯ ಕೆಳಗೆ ಎಡಬದಿಗೆ ಒಂದು ಹಳೆಯ ಕಾಲುಪೇಟಿ (ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ), ಅದರ ಮುಂದೆ ವಯಸ್ಸಾದ ಮಾಸ್ತರರು. ಹಾಡು ನಡೆಯುವಾಗ ಅವರು ಸುಮ್ನೆ ಕೂತಿದ್ದರು. ಹಾಸ್ಯದವನು ಬಂದ ತಕ್ಷಣ ಕಾಲು ಪೆಡಲ್ ಮೇಲೆ ಹೋಯಿತು.

ದೃಶ್ಯ ಇಷ್ಟೇ. ಸಂಬಳ ತಂದ ಗಂಡ ಹೆಂಡತಿಗೆ ಕಾಣದ ಹಾಗೆ ದುಡ್ಡು ಎಣಿಸುತ್ತಾನೆ. ಒಂದು ನೋಟು, ಪೇಟಿಯಲ್ಲಿ ಸ. ಇನ್ನೊಂದು ನೋಟು, ರಿ. ಹೀಗೆ ಗ, ಮ, ಪ. ಪ್ರತಿ ನೋಟಿಗೂ ಅವನ ಮುಖ ಅರಳುತ್ತದೆ. ದ. ಆಮೇಲೆ ನಿ. ಅಷ್ಟರಲ್ಲಿ ಹೆಂಡತಿ ಹಿಂದೆ ಬಂದು ನಿಂತಿದ್ದಾಳೆ. ಕೊನೆಯ ನೋಟು ಕೈಯಲ್ಲಿದೆ, ಅವನು ಎಣಿಸುತ್ತಿಲ್ಲ. ಮಾಸ್ತರರು ನಿ ಬಿಡುತ್ತಿಲ್ಲ. ಮೇಲಿನ ಸ ಬರಬೇಕು ಅಂತ ಶಾಸ್ತ್ರ ಗೊತ್ತಿಲ್ಲದವರ ಕಿವಿಗೂ ಗೊತ್ತು. ಜನ ಒಬ್ಬೊಬ್ಬರಾಗಿ ನಗಲು ಶುರು ಮಾಡಿದರು. ನಗು ಏರಿತು, ಇನ್ನೂ ಏರಿತು. ಇನ್ನೇನು ಇಳಿಯಬೇಕು ಅನ್ನುವಾಗ ಹೆಂಡತಿ ಆ ನೋಟು ಕಿತ್ತುಕೊಂಡಳು. ಸ!

ಒನ್ಸ್ ಮೋರ್ ಕೂಗಿದರು. ಮತ್ತೆ ಮಾಡಿದರು. ಎರಡನೇ ಸಲ ನಿ ಇನ್ನೂ ಉದ್ದ ಇತ್ತು. ಮುಂದಿನದು ಏನು ಅಂತ ಈಗ ಎಲ್ಲರಿಗೂ ಗೊತ್ತಿತ್ತು, ಆದರೂ ಮೊದಲಿಗಿಂತ ಜಾಸ್ತಿ ನಕ್ಕರು. ಮಾತು ಗೊತ್ತಿರಬಾರದು ಅಂತ ಶುಕ್ರವಾರ ಬರೆದಿದ್ದೇನೆ. ಕಾಲ ಇಷ್ಟು ಸರಿಯಾಗಿದ್ದರೆ ಮಾತು ಗೊತ್ತಿದ್ದರೂ ನಡೆಯುತ್ತದೆ ಅಂತ ಈಗ ಸೇರಿಸುತ್ತೇನೆ.

ನಾಟಕ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ ಮಾಸ್ತರರನ್ನು ಮಾತಾಡಿಸಿದೆ. ಚಹಾ ತರಿಸಿದರು.

“ಹಾಡಿಗೆ ಟ್ರ್ಯಾಕ್ ಇಟ್ಟೀರಿ. ಹಾಸ್ಯಕ್ಕ ಯಾಕ ಇಟ್ಟಿಲ್ರಿ, ಮಾಸ್ತರ?”

“ಹಾಡಿಗೆ ನಡೀತೈತಿ ತಮ್ಮಾ. ಹಾಸ್ಯಕ್ಕ ನಡಿಯೂದಿಲ್ಲ. ಮಂದಿ ನಕ್ಕದ್ದು ಅದಕ್ಕ ಕೇಳಸ್ತೈತೇನು?”

ನಿ ಎಷ್ಟು ಹೊತ್ತು ಹಿಡಿಯಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಹಾಸ್ಯದವನ ಭುಜ ನೋಡುತ್ತೇನೆ ಅಂದರು. ಅವನು ಉಸಿರು ಬಿಟ್ಟರೆ ಭುಜ ಇಳಿಯುತ್ತದೆ, ಆಗ ಹೆಂಡತಿ ಪಾತ್ರದವಳು ಕೈ ಹಾಕುತ್ತಾಳೆ. ಮೂವರೂ ಜನರ ನಗುವನ್ನು ಕೇಳುತ್ತಾ ಇರುತ್ತಾರೆ. ಮೊದಲೇ ಗೊತ್ತುಮಾಡಿಕೊಂಡ ಲೆಕ್ಕ ಅಂತ ಏನೂ ಇಲ್ಲ. ಮಳೆ ಬಂದು ತಗಡಿನ ಸಪ್ಪಳ ಜೋರಾದ ದಿನ ಒಂದು ಥರ, ಮಂದಿ ಕಡಿಮೆ ಇರುವ ದಿನ ಇನ್ನೊಂದು ಥರ.

ಅವರು ಈ ಕೆಲಸ ಕಲಿತದ್ದು ಪಾರಿಜಾತದ ಮೇಳದಲ್ಲಿ. ಶ್ರೀಕೃಷ್ಣ ಪಾರಿಜಾತ ಅನ್ನುವ ಬಯಲಾಟದಲ್ಲಿ ಭಾಗವತ ಪಾತ್ರಗಳನ್ನು ಮಾತಿಗೆಳೆದು ಕಾಡುತ್ತಾನೆ. ಅಲ್ಲಿ ಮಾತು ಎಷ್ಟು ಉದ್ದ ಹೋಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಪೇಟಿಯವರು ಶ್ರುತಿ ಬಿಡದೆ ಕಾಯಬೇಕು. “ಹತ್ತು ವರ್ಷ ಬರೇ ಕಾಯೂದು ಕಲತೀನಿ” ಅಂದರು. ಈಗ ಅವರ ಜಾಗಕ್ಕೆ ಬರಲು ಯಾರೂ ಕಲಿಯುತ್ತಿಲ್ಲ. ಕೀಬೋರ್ಡ್ ನುಡಿಸುವ ಹುಡುಗರು ಇದ್ದಾರೆ, ಅವರಿಗೆ ಮದುವೆ ಆರ್ಕೆಸ್ಟ್ರಾದಲ್ಲಿ ಜಾಸ್ತಿ ದುಡ್ಡು ಸಿಗುತ್ತದೆ. ತಪ್ಪೂ ಅಲ್ಲ. ಆದರೆ ಈ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ, ಈ ಮಾಸ್ತರರಂಥವರ ಕಾಲು ಕೈಗಳಲ್ಲಿ ಮಾತ್ರ ಇದೆ ಅನ್ನುವುದು ನನ್ನನ್ನು ಕಾಡುತ್ತಿದೆ.

“ಬೆಂಗಳೂರಿಗೆ ಬರ್ತೀರೇನ್ರಿ? ನನ್ನ ಶೋದಾಗ ಕೂಡ್ರಾಕ” ಅಂತ ಕೇಳಿಯೇಬಿಟ್ಟೆ.

ಮಂಗಳವಾರ

ಬೆಳಗ್ಗೆ ಮತ್ತೆ ಹೋಗಿ ಮಾಸ್ತರರ ಜೊತೆ ಕೂತೆ. ನನ್ನ ಸೆಟ್ಟಿನ ಒಂದು ಭಾಗ, ಅಪ್ಪ ಫೋನಿನಲ್ಲಿ ಮಾತಾಡುವ ತುಣುಕು, ಹೇಳಿ ತೋರಿಸಿದೆ. ಅವರು ಮೊದಲ ಸಲ ನುಡಿಸದೆ ಕೇಳಿದರು. ಎರಡನೇ ಸಲ ಒಂದೇ ಒಂದು ಸ್ವರ ಹಿಡಿದರು, ಅಪ್ಪ “ಹಲೋ” ಅಂದು ಆ ಕಡೆಯ ಉತ್ತರಕ್ಕೆ ಕಾಯುವ ಜಾಗದಲ್ಲಿ. ನಾನು ಆ ಜಾಗದಲ್ಲಿ ಇಷ್ಟು ದಿನ ನಿಲ್ಲುತ್ತಿದ್ದದ್ದಕ್ಕಿಂತ ದುಪ್ಪಟ್ಟು ಹೊತ್ತು ನಿಲ್ಲಬಹುದು ಅಂತ ಗೊತ್ತಾಯಿತು. ಚಹಾ ಕೊಡಲು ಬಂದ ಹುಡುಗ ನಿಂತು ನಕ್ಕ.

ಜಾತ್ರೆಯ ಕ್ಯಾಂಪ್ ಮುಗಿದ ಮೇಲೆ ಬರುತ್ತೇನೆ ಅಂದಿದ್ದಾರೆ. ಹೋಗಿಬರುವ ರೈಲಿನ ಚಾರ್ಜು, ಉಳಿಯಲು ಜಾಗ, ಒಂದು ಶೋಗೆ ಎಷ್ಟು ಅನ್ನುವುದೆಲ್ಲ ಮಾತಾಗಿದೆ. ಕಂಪನಿಯಲ್ಲಿ ಒಂದು ರಾತ್ರಿಗೆ ಕೊಡುವುದಕ್ಕಿಂತ ಕಡಿಮೆ ಕೊಡುವುದಿಲ್ಲ ಅಂತ ನಾನೇ ಮೊದಲು ಹೇಳಿದೆ. ಕಾಲುಪೇಟಿ ಹೊತ್ತು ತರಲು ಆಗುವುದಿಲ್ಲ, ಬೆಂಗಳೂರಿನಲ್ಲೇ ಒಂದನ್ನು ಹುಡುಕಬೇಕು. ಕುರ್ಚಿಗೆ ಕೈ ಇರಬಾರದಂತೆ. ಪೇಟಿಗೆ ಮೈಕು ತೀರ ಹತ್ತಿರ ಇಡಬಾರದಂತೆ, ತಿದಿಯ ಗಾಳಿಯ ಸಪ್ಪಳ ಬರುತ್ತದೆ.

ಸಂಜೆ ಬಾದಾಮಿಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಶೋ ಮಾಡಿಸುವವರಿಗೆ ಈ ಪಟ್ಟಿಯನ್ನೆಲ್ಲ ಮೆಸೇಜ್ ಮಾಡಿದೆ. ಪೇಟಿಯನ್ನು ವೇದಿಕೆಯ ಮೂಲೆಯಲ್ಲಿ ಹಿಂದೆ ಇಡೋಣ, ಮುಂದೆ ಇಟ್ಟರೆ ವಿಡಿಯೊದ ಫ್ರೇಮಿಗೆ ಬರುತ್ತದೆ ಅಂತ ಅವರು ಉತ್ತರ ಹಾಕಿದರು. ಆಗುವುದಿಲ್ಲ ಅಂತ ಬರೆದೆ. ಮಾಸ್ತರರಿಗೆ ನನ್ನ ಭುಜ ಕಾಣಬೇಕು, ಎಡಬದಿಗೆ, ಮುಂದಿನ ಸಾಲಿನ ಪಕ್ಕದಲ್ಲೇ ಕೂರಿಸಿ, ಕ್ಯಾಮೆರಾವನ್ನು ಬೇಕಾದರೆ ಆ ಕಡೆ ಸರಿಸಿ ಅಂದೆ. ಗದಗ ಬರುವಷ್ಟರಲ್ಲಿ ಒಪ್ಪಿದರು.